ಸಾಹಿತ್ಯದ ಆಸರೆ ಬಿಟ್ಟ ಸ್ಯಾಕ್ಸೊಫೋನ್: ‘ಕಿನ್ಸ್‌ಮೆನ್’ ಆಲ್ಬಮ್ ಕುರಿತು

ಮಾತಿನ ಬಲದಿಂದ ಹೆಸರಾದ ಸಂಗೀತವೊಂದು ಮಾತನ್ನು ಕೈಬಿಟ್ಟು ವಾದ್ಯವನ್ನಷ್ಟೇ ಮುಂದಿಟ್ಟಾಗ, ಅದುವರೆಗೆ ಹಿಮ್ಮೇಳವೆನಿಸಿದ್ದು ಒಂಟಿಯಾಗಿ ನಿಲ್ಲಬಲ್ಲುದೇ ಎಂಬ ಪ್ರಶ್ನೆ ಏಳುತ್ತದೆ. ತಾಳಕ್ಕೆ ಸರಿಯಾಗಿ ಪ್ರಾಸದ ಮಾತುಗಳನ್ನು ಬಿರುಸಾಗಿ ಹೇಳುವ ಹಿಪ್‌ಹಾಪ್‌ನಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಹಿರಿಯರೆಂದರೆ ನ್ಯೂಯಾರ್ಕಿನ ಬೀಸ್ಟಿ ಬಾಯ್ಸ್. ಅವರು 2007ರಲ್ಲಿ ಹೊರತಂದ ‘ದಿ ಮಿಕ್ಸ್-ಅಪ್’ ಆಲ್ಬಮ್‌ನ 12 ರಚನೆಗಳಲ್ಲಿ ಒಂದರಲ್ಲೂ ಸಾಹಿತ್ಯವಿಲ್ಲ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದುದು ನಿಜವಾದರೂ, ಗಿಟಾರ್, ಬಾಸ್, ಡ್ರಮ್‌ಗಳು ಹದವಾಗಿ ಕಟ್ಟುವ ಆ ಲಯದ ಆವರ್ತಗಳು ಬಾರದ ಹಾಡುಗಾರನಿಗಾಗಿ ಕಾಯುತ್ತಿರುವಂತೆಯೇ ಕೇಳಿಸುತ್ತವೆ.

ಇದೇ ಪ್ರಶ್ನೆಯನ್ನು ತುಳುನಾಡಿನಲ್ಲಿ ಕೇಳಬೇಕಾದರೆ ಸ್ಯಾಕ್ಸೊಫೋನಿನ ಬಳಿಗೆ ಹೋಗಬೇಕು. ಮೂಡುಬಿದಿರೆ ಸಮೀಪದ ತೋಡಾರು, ಮಿಜಾರಿನಂಥ ಊರುಗಳಿಂದ ಬಂಟ್ವಾಳ, ಬೆಳ್ತಂಗಡಿಗಳವರೆಗಿನ ಸೀಮೆಯಲ್ಲಿ ಮದುವೆಗೂ ದೇವರ ಉತ್ಸವಕ್ಕೂ ದೈವದ ನೇಮಕ್ಕೂ ಈ ಪರದೇಶದ ವಾದ್ಯ ನಾಗಸ್ವರದ ಜೊತೆಗೆ, ಎಷ್ಟೋ ಕಡೆ ಅದರ ಜಾಗದಲ್ಲೇ, ನೆಲೆಯೂರಿದೆ. ನೇಮದಲ್ಲಿ ದೈವದ ಹುಟ್ಟು ಮತ್ತು ಸಂಚಾರದ ಕಥೆಯನ್ನು ಹೇಳುವ ಪಾಡ್ದನ ನಿಂತು ಕುಣಿತ ಏರುವಾಗ ವಾದ್ಯವೇ ಮುಂದಾಗುತ್ತದೆ, ದೈವ ನುಡಿಕೊಡುವಾಗ ಅದೇ ವಾದ್ಯ ತಗ್ಗುತ್ತದೆ; ಮಾತಿಲ್ಲದ ನಾದವನ್ನು ಕೊರತೆಯೆಂದು ಭಾವಿಸದ ಕೇಳುಗರು ಇಲ್ಲಿ ಮೊದಲಿನಿಂದಲೂ ಇದ್ದಾರೆ.

ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮೆಚ್ಚಿದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಹತ್ತಾರು ವರ್ಷ ದುಡಿದರು. ಕೀಲಿಗಳನ್ನು ಒತ್ತಿ ಬಿಡಿಬಿಡಿ ಸ್ವರಗಳನ್ನು ನುಡಿಸಲೆಂದು ಮಾಡಿದ ವಾದ್ಯದಲ್ಲಿ ಗಮಕವನ್ನು, ಅಂದರೆ ಒಂದು ಸ್ವರ ಮತ್ತೊಂದರೊಳಗೆ ತೂಗಿ ಜಾರುವ ಚಲನೆಯನ್ನು, ತುಟಿಯ ಒತ್ತಡ, ಉಸಿರಿನ ಹಿಡಿತ ಮತ್ತು ವಾದ್ಯದಲ್ಲೇ ಮಾಡಿಕೊಂಡ ಮಾರ್ಪಾಡುಗಳಿಂದ ತರಬೇಕಾಯಿತು. ಕೃತಿಯ ಅಕ್ಷರಗಳನ್ನು ನಾಲಿಗೆಯ ತಟ್ಟಿನಿಂದ ಬಿಡಿಸಿ ಕೇಳಿಸುವ ತುತ್ತುಕಾರವಂತೂ ನಾಗಸ್ವರದ ಮನೆತನದಿಂದಲೇ ಬಂದ ಸೊತ್ತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಯವರೆಗೆ ಅವರನ್ನು ಒಯ್ದ ಈ ಸಿದ್ಧಿಯಲ್ಲಿ ಒಂದು ಸಾಲವೂ ಇತ್ತು: ಅವರು ದಾಸರ ಪದ ನುಡಿಸಿದಾಗ ಕೇಳುಗರು ಸಾಹಿತ್ಯವನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದರು, ಚಪ್ಪಾಳೆಯ ಒಂದು ಪಾಲು ಪುರಂದರದಾಸರಿಗೆ ಸಲ್ಲುತ್ತಿತ್ತು.

ಭಾರತೀಯ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಆ ಸಾಲವನ್ನು ಬಹುಮಟ್ಟಿಗೆ ನಿರಾಕರಿಸುತ್ತದೆ ಎಂಬುದೇ ಅದರ ಮಹತ್ವ. ಇಲ್ಲಿ ಕೇಳುಗ ನೆನಪಿನಿಂದ ತುಂಬಿಕೊಳ್ಳಬಹುದಾದ ಪಲ್ಲವಿಯಿಲ್ಲ. ಇಬ್ಬರೂ ನುಡಿಸುವುದು ಆಲ್ಟೊ ಸ್ಯಾಕ್ಸೊಫೋನನ್ನೇ ಆದರೂ ಒಬ್ಬರದು ಚೂಪಾಗಿ ಮುರಿದು ತಿರುಗುವ ನಡೆ, ಇನ್ನೊಬ್ಬರದು ರಾಗದ ದಾರಿಯನ್ನು ಬಿಡದ ಜಾರು. ಎ. ಕನ್ಯಾಕುಮಾರಿ ಅವರ ಪಿಟೀಲು ಮತ್ತು ರೆಝ್ ಅಬ್ಬಾಸಿ ಅವರ ಗಿಟಾರ್ ಇವುಗಳ ನಡುವೆ ಓಡಾಡುತ್ತವೆ. ರಚನೆಗಳ ಮಧ್ಯೆ ಬರುವ, ತಾಳದ ಕಟ್ಟಿಲ್ಲದೆ ರಾಗವನ್ನು ಬಿಡಿಸುವ ಕಿರು ಆಲಾಪಗಳೇ ಆಲ್ಬಮ್‌ನ ಅತ್ಯಂತ ದೃಢವಾದ ಭಾಗಗಳು. ಮೃದಂಗ ಮತ್ತು ಡ್ರಮ್ ಎರಡೂ ತುಂಬಿ ನಿಂತು ವೇಗವೇ ಗುರಿಯಾದಲ್ಲಿ ಮಾತ್ರ ಗೋಪಾಲನಾಥರ ಗಮಕಕ್ಕೆ ಉಸಿರಾಡಲು ಎಡೆ ಸಾಲದೆ, ಅವರ ಜಾರು ಬರಿಯ ಅಲಂಕಾರದ ಮಟ್ಟಕ್ಕೆ ಇಳಿಯುತ್ತದೆ. ಜುಗಲ್‌ಬಂದಿಗಳ ಈ ಹಳೆಯ ಚಾಳಿಯಿಂದ ಇದೂ ಪೂರ್ತಿ ಪಾರಾಗಿಲ್ಲ. ಹಾಗಿದ್ದೂ, ‘ದಿ ಮಿಕ್ಸ್-ಅಪ್’ನಲ್ಲಿ ಕಾಡುವ ಆ ಖಾಲಿತನ ಇಲ್ಲಿ ಕಾಡದಿರುವುದಕ್ಕೆ ಕಾರಣ, ಈ ವಾದ್ಯಕ್ಕೆ ಅಕ್ಷರಗಳನ್ನು ಉಚ್ಚರಿಸಿ ಪಳಗಿದ ನಾಲಿಗೆಯಿರುವುದು: ಸಾಹಿತ್ಯ ಹೋದ ಮೇಲೂ ಎಲ್ಲಿ ಒತ್ತಬೇಕು, ಎಲ್ಲಿ ತಡೆಯಬೇಕು ಎಂಬ ಅದರ ಅಭ್ಯಾಸ ಗೋಪಾಲನಾಥರ ಪ್ರತಿಯೊಂದು ನುಡಿಸಾಣಿಕೆಯಲ್ಲೂ ಉಳಿದಿದೆ.