ಮುನ್ನೂರನಾಲ್ಕೆಂಬ ಉತ್ತರ

2013ರ ಜುಲೈ 1ರಂದು ಫೀಡುಗಳನ್ನು, ಎಂದರೆ ತಾಣಗಳ ಹೊಸ ಬರಹಗಳ ಪಟ್ಟಿಗಳನ್ನು, ಓದಿಸುತ್ತಿದ್ದ ಗೂಗಲ್ ರೀಡರು ಮುಚ್ಚಿಹೋದಾಗ ಫೀಡುಗಳ ಕಾಲವೇ ತೀರಿತೆಂದು ಚರಮವಾಕ್ಯ ನುಡಿದವರು ಅನೇಕರುಂಟು. ಅಂಥವರು ಇಂದು ಬೆಳಗಿನ ನಡಿಗೆಯಲ್ಲಿ ಕೇಳುವ ಪಾಡ್‌ಕಾಸ್ಟುಗಳಲ್ಲಿ ಬಹುಪಾಲು ಆರ್‌ಎಸ್‌ಎಸ್ ಎಂಬ ಆ ಹಳೆಯ ಏರ್ಪಾಡಿನಿಂದಲೇ ಅವರ ಫೋನನ್ನು ತಲಪತಕ್ಕವು. 1999ರ ಮಾರ್ಚ್ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಿಂದ ಅದು ಹೊರಬಂದಾಗ ಅದರ ಕರ್ತೃಗಳಲ್ಲೊಬ್ಬರಾಗಿದ್ದ ರಾಮನಾಥನ್ ಗುಹಾ ಅವರು ಮದರಾಸಿನ ಐಐಟಿಯಲ್ಲಿ ವ್ಯಾಸಂಗ ಮಾಡಿದವರೆಂಬುದು ನಮಗೆ ಸಂತೋಷದ ಸಂಗತಿ. ಚರಿತ್ರೆ ಇಷ್ಟು ಸಾಕು. ಸ್ವಂತ ಬರಹದ ಫೀಡನ್ನು ಸ್ವಂತ ಸರ್ವರಿನಿಂದ ಹಂಚುವ ಕೌಶಲವು ಈ ವಾರದ ವಿಷಯ.

ಫೀಡ್ ಸರ್ವರೆಂದೊಡನೆಯೇ ಡೇಟಾಬೇಸು, ಲಾಗಿನ್ನು, ಪಾಸ್‌ವರ್ಡುಗಳನ್ನೆಲ್ಲ ಕಲ್ಪಿಸಿಕೊಂಡು ದಿಗಿಲುಗೊಳ್ಳುವವರಿಗೆ ಮೊದಲು ಹೇಳತಕ್ಕ ಮಾತೆಂದರೆ, ಫೀಡೆಂಬುದು ಎಕ್ಸ್‌ಎಂಎಲ್ ನಿಯಮಗಳಿಗೆ ಒಳಪಟ್ಟ ಒಂದು ಸಾಧಾರಣ ಫೈಲು. ಅಗ್ಗದ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೊಂದರಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ಸ್ಥಾಪಿಸಿ, ಫೈಲನ್ನು ಅದರ ವೆಬ್ ಫೋಲ್ಡರಿನಲ್ಲಿರಿಸಿ, ಹೆಸರಿನ ತುದಿಗೆ 'ಆಟಮ್' ಎಂಬ ಪ್ರತ್ಯಯವನ್ನು ಸೇರಿಸಿದರೆ, ಇದು ಯಾವ ಜಾತಿಯ ಫೈಲೆಂಬ ವಿವರವನ್ನು ಆ ಸರ್ವರೇ ಸೇರಿಸಿ ಕಳುಹಿಸುತ್ತದೆ. ಕೇಳಿದಾಗಲೆಲ್ಲ ಫೀಡನ್ನು ಹೊಸದಾಗಿ ಹೆಣೆದು ಕೊಡುವ ಪ್ರೋಗ್ರಾಮುಗಳಲ್ಲಿ ನನಗೆ ಆದರವಿಲ್ಲ. ವಾರಕ್ಕೊಮ್ಮೆ ಬರೆಯುವವನಿಗೆ ವಾರಕ್ಕೊಮ್ಮೆ ಹೆಣೆದರೆ ಸಾಲದೆ?

ಆರ್‌ಎಸ್‌ಎಸ್ 2.0 ಮತ್ತು 2005ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 4287 ಎಂಬ ಸಂಖ್ಯೆಯೊಡನೆ ಪ್ರಕಟವಾದ ಆಟಮ್, ಈ ಎರಡು ಫೀಡ್ ನಮೂನೆಗಳಲ್ಲಿ ನನ್ನ ಪಕ್ಷಪಾತ ಆಟಮಿನ ಕಡೆಗೆ. ಆರ್‌ಎಸ್‌ಎಸ್ಸಿನ ದಿನಾಂಕದಲ್ಲಿ ತಿಂಗಳಿನ ಇಂಗ್ಲಿಷ್ ಹೆಸರು ಇರಲೇಬೇಕಾಗಿ, ಕನ್ನಡಕ್ಕೆ ಹೊಂದಿಸಿಟ್ಟ ಯಂತ್ರವೊಂದು ಅಲ್ಲಿ ಭಕ್ತಿಯಿಂದ 'ಮಾರ್ಚ್' ಎಂದು ಕನ್ನಡದಲ್ಲಿಯೇ ಬರೆದುಬಿಟ್ಟರೆ ರೀಡರುಗಳು ತಬ್ಬಿಬ್ಬಾಗುತ್ತವೆ. ಆಟಮಿಗಾದರೋ ವರ್ಷ, ತಿಂಗಳು, ದಿನ, ವೇಳೆಗಳ ಅಂಕಿಗಳೂ ಕೊನೆಯಲ್ಲಿ ನಮ್ಮ ಕಾಲವಲಯದ +05:30 ಎಂಬ ಗುರುತೂ ಸಾಕು. ಪ್ರತಿಯೊಂದು ಬರಹಕ್ಕೂ ಅದು ಐಡಿಯೊಂದನ್ನು ಕಡ್ಡಾಯ ಮಾಡುತ್ತದೆ. ವೆಬ್ ವಿಳಾಸವನ್ನೇ ಐಡಿಯನ್ನಾಗಿ ಬಳಸುವುದು ರೂಢಿಯಾದರೂ, ಮುಂದೆಂದೋ ಡೊಮೇನು ಬದಲಾಗಿ ಅದರೊಡನೆ ಐಡಿಯೂ ಬದಲಾದರೆ, ಹಳೆಯ ಬರಹಗಳೆಲ್ಲ ಹೊಸವೆಂಬಂತೆ ಚಂದಾದಾರರ ಮುಂದೆ ಒಮ್ಮೆಗೇ ಬಂದು ಬೀಳುತ್ತವೆ. ಜಮೀನು ಯಾರ ಕೈಗೆ ಹೋದರೂ ಸರ್ವೆ ನಂಬರು ಉಳಿಯುವಂತೆ ಐಡಿಯೂ ಉಳಿಯತಕ್ಕದ್ದು.

ಕನ್ನಡದ ಫೀಡಿಗೆ ತನ್ನವೇ ಆದ ಕೆಲವು ತೊಡಕುಗಳುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದ ಲೇಖನವನ್ನು ಹಾಗೆಯೇ ತುಂಬಿದರೆ, ಆ ಫಾಂಟಿಲ್ಲದ ರೀಡರಿನಲ್ಲಿ ರೋಮನ್ ಅಕ್ಷರಗಳ ಅಸಂಬದ್ಧ ರಾಶಿ ಕಾಣುತ್ತದೆಯಾದ್ದರಿಂದ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಅನಿವಾರ್ಯ. ಶೀರ್ಷಿಕೆಯಲ್ಲಿ 'ಅಕ್ಕಿ & ಬೇಳೆ' ಎಂದು ಆ ಕುಣಿಕೆಯ ಚಿಹ್ನೆಯನ್ನು ಹಸಿಯಾಗಿ ಬಿಟ್ಟರೆ, ಎಕ್ಸ್‌ಎಂಎಲ್ಲಿನ ಶಿಸ್ತು ಎಷ್ಟು ನಿರ್ದಾಕ್ಷಿಣ್ಯವೆಂದರೆ, ಆ ಒಂದು ಬರಹವಲ್ಲ, ಇಡೀ ಫೀಡೇ ತಿರಸ್ಕೃತವಾಗುತ್ತದೆ; 'ಮತ್ತು' ಎಂದು ಬರೆಯುವುದು ಕ್ಷೇಮ, ಕನ್ನಡಕ್ಕೂ ಅದು ಚೆನ್ನ. ಇನ್ನು ತೂಕದ ಮಾತು: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳಾದ್ದರಿಂದ, ಕಕಾರ, ಹಲಂತ, ಷಕಾರಗಳು ಕೂಡಿದ ಒಂದು 'ಕ್ಷ' ಒಂಬತ್ತು ಬೈಟುಗಳನ್ನು ಬೇಡುತ್ತದೆ.

ತೂಕದ ಈ ಲೆಕ್ಕವೇ ನಮ್ಮನ್ನು ಸರ್ವರಿನ ನಿಜವಾದ ಸೊಗಸಿನತ್ತ ಒಯ್ಯುತ್ತದೆ. ಫೀಡು 200 ಕಿಲೋಬೈಟಿನದೆಂದೂ, ನೂರು ಮಂದಿ ಚಂದಾದಾರರ ರೀಡರುಗಳು ಅರ್ಧ ಗಂಟೆಗೊಮ್ಮೆ ಬಂದು ವಿಚಾರಿಸುವುವೆಂದೂ ಇಟ್ಟುಕೊಂಡರೆ, ದಿನಕ್ಕೆ 4,800 ಸಲ ಒಟ್ಟು 960 ಮೆಗಾಬೈಟು ವ್ಯರ್ಥವಾಗಿ ಸಾಗಬೇಕು. ಆದರೆ ಸುಸಂಸ್ಕೃತವಾದ ರೀಡರು ಕಳೆದ ಸಲ ಪಡೆದ, ಫೈಲಿನ ಆವೃತ್ತಿಯ ಗುರುತಾದ ಇಟ್ಯಾಗನ್ನು ಜೊತೆಗೆ ತಂದು ತೋರಿಸುತ್ತದೆ. ಫೈಲು ಬದಲಾಗಿರದಿದ್ದರೆ ಸರ್ವರು 304 ಎಂಬ ಉತ್ತರವನ್ನಷ್ಟೇ ಕೊಟ್ಟು, ಫೀಡಿನ ಒಂದಕ್ಷರವನ್ನೂ ಕಳುಹಿಸದೆ ಸುಮ್ಮನಾಗುತ್ತದೆ. ಇಷ್ಟು ಮಿತವಾದ, ಇಷ್ಟು ಸಭ್ಯವಾದ ಸಂಭಾಷಣೆ ಜಾಲದಲ್ಲಿ ಬೇರೆಡೆ ಅಪರೂಪ.

ಈ ಸಭ್ಯತೆಯನ್ನು ನಾವೇ ಕೆಡಿಸುವುದೂ ಉಂಟು. ಎಂಜಿನ್‌ಎಕ್ಸು ತನ್ನ ಇಟ್ಯಾಗನ್ನು ಫೈಲಿನ ಗಾತ್ರದಿಂದಲೂ ಅದು ಕೊನೆಯ ಸಲ ತಿದ್ದಲ್ಪಟ್ಟ ವೇಳೆಯಿಂದಲೂ ರಚಿಸುತ್ತದೆಯಾಗಿ, ನಿಗದಿತ ವೇಳೆಗೆ ಕೆಲಸ ನಡೆಸುವ ಕ್ರಾನ್ ಮೂಲಕ ಹತ್ತು ನಿಮಿಷಕ್ಕೊಮ್ಮೆ ಅದೇ ಫೀಡನ್ನು ಮತ್ತೆ ಮತ್ತೆ ಬರೆದಿಡುವವನ ಸರ್ವರಿಗೆ 304 ಹೇಳುವ ಅವಕಾಶವೇ ದೊರೆಯದು. ಫೀಡಿನ ತಲೆಯಲ್ಲಿರುವ ಪರಿಷ್ಕರಣದ ವೇಳೆಗೆ ಗಡಿಯಾರದ ವೇಳೆಯನ್ನು ತುಂಬದೆ ಇತ್ತೀಚಿನ ಬರಹದ ವೇಳೆಯನ್ನೇ ಕೊಟ್ಟು, ಹೊಸ ಫೀಡನ್ನು ಬೇರೊಂದು ಹೆಸರಿನಲ್ಲಿ ಬರೆದು, ಹಳೆಯದರೊಡನೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಮಾತ್ರ ಹೆಸರು ಬದಲಿಸಿ ಅದರ ಸ್ಥಾನದಲ್ಲಿರಿಸಬೇಕು. ಬರೆಯುತ್ತಿರುವ ನಡುವೆಯೇ ಬಂದ ರೀಡರಿಗೆ ಅರ್ಧ ಫೈಲು ಸಿಗುವ ಅಪಾಯವೂ ಇದರಿಂದ ತಪ್ಪುತ್ತದೆ.