ಸೂರ್ಯನಿಗಿಂತ ಮೊದಲಿನ ಬೆಳಕು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಒಮ್ಮೆ, ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನ್ನೆದುರಿಗೆ ಕುಳಿತಿದ್ದರು. ಅವರ ಕೈಯಲ್ಲಿ ಬೈಬಲ್ಲಿತ್ತು. ನಾನು ಸುಮ್ಮನಿರಲಾರದೆ ಹಳೆಯ ಆಕ್ಷೇಪಣೆಯೊಂದನ್ನು ಎತ್ತಿದೆ: "ಯಜಮಾನರೇ, ಆದಿಕಾಂಡದಲ್ಲಿ ಬೆಳಕು ಹುಟ್ಟುವುದು ಮೊದಲನೆಯ ದಿನ, ಸೂರ್ಯ ಹುಟ್ಟುವುದು ನಾಲ್ಕನೆಯ ದಿನ. ಇದು ಹೇಗೆ?"

ಅವರು ನಕ್ಕು, "ನಾವು ಕೆಲಸ ಮಾಡಿದ ಕಡೆ ಸೂರ್ಯ ಎಲ್ಲಿದ್ದ ಸಾರ್? ಆದರೂ ಹಗಲು ಪಾಳಿ ಇತ್ತು, ರಾತ್ರಿ ಪಾಳಿ ಇತ್ತು" ಎಂದರು.

ಮನೆಗೆ ಬಂದು ಆ ಅಧ್ಯಾಯವನ್ನು ಮತ್ತೆ ಓದಿದೆ. ಅವರ ಮಾತು ಕೇವಲ ಚಮತ್ಕಾರವಲ್ಲವೆಂದು ತೋರಿತು. ಹೀಬ್ರೂ ಮೂಲದಲ್ಲಿ ಮೊದಲ ದಿನದ ಬೆಳಕಿಗೆ 'ಓರ್' ಎಂಬ ಶಬ್ದ. ನಾಲ್ಕನೆಯ ದಿನ ಬರುವುದು 'ಮಾಓರ್', ಎಂದರೆ ಬೆಳಕನ್ನು ಹೊತ್ತದ್ದು, ದೀಪ. ಸೂರ್ಯಚಂದ್ರರನ್ನು ಅಲ್ಲಿ ಹೆಸರಿಟ್ಟು ಕರೆದೇ ಇಲ್ಲ. ಒಂದು ದೊಡ್ಡ ದೀಪ, ಇನ್ನೊಂದು ಚಿಕ್ಕ ದೀಪ, ಅಷ್ಟೆ. ನೆರೆಯ ಬಾಬಿಲೋನಿನಲ್ಲಿ ಸೂರ್ಯನು ಶಮಾಶ್ ಎಂಬ ದೇವತೆ. ಇಲ್ಲಿ ಅವನು ಹೇಳಿದ ಕೆಲಸ ಮಾಡುವ ಸೇವಕ. ನಾಲ್ಕನೆಯ ಶತಮಾನದ ಸಂತ ಬೆಸಿಲನೂ ಬೆಳಕು ಬೇರೆ, ಅದನ್ನು ಹೊರುವ ಪಾತ್ರೆ ಬೇರೆ ಎಂದೇ ವಿವರಿಸಿದ್ದಾನೆ.

ನಮ್ಮ ಸಭೆಗಳಲ್ಲಿ ಈ ಅಧ್ಯಾಯದ ಮಾತು ಬಂದರೆ ಭಾಷಣಕಾರರು ಬೃಹದಾರಣ್ಯಕದ ಪ್ರಾರ್ಥನೆಯನ್ನು ನೆನೆದು, ಎರಡೂ ಒಂದೇ ಎಂದು ಮುಗಿಸಿಬಿಡುವುದುಂಟು. ಸೌಹಾರ್ದ ಒಳ್ಳೆಯದೇ, ಆದರೆ ವಿಮರ್ಶೆ ಅಲ್ಲಿಗೆ ನಿಲ್ಲಬಾರದು. ಉಪನಿಷತ್ತಿನ ಋಷಿ ಕತ್ತಲೆಯನ್ನು ದಾಟಿ ಹೋಗಲು ಬೇಡುತ್ತಾನೆ. ಆದಿಕಾಂಡದ ದೇವರು ಕತ್ತಲೆಯನ್ನು ಅಳಿಸುವುದಿಲ್ಲ. ಬೆಳಕನ್ನು ಮಾತ್ರ ಒಳ್ಳೆಯದೆಂದು ಕಾಣುತ್ತಾನೆ, ನಿಜ. ಆದರೆ ಕತ್ತಲೆಗೂ 'ರಾತ್ರಿ' ಎಂದು ಹೆಸರಿಟ್ಟು ಅದಕ್ಕೊಂದು ಎಲ್ಲೆಯನ್ನು ಕೊಡುತ್ತಾನೆ. ಎಲ್ಲೆಯಿಲ್ಲದ ಕತ್ತಲೆ ಭಯ. ಎಲ್ಲೆಯುಳ್ಳ ಕತ್ತಲೆ ವಿಶ್ರಾಂತಿ. ಪ್ರತಿ ದಿನದ ಲೆಕ್ಕದಲ್ಲಿಯೂ ಸಂಜೆಯೇ ಮೊದಲು, ಬೆಳಗು ಆಮೇಲೆ. ಹೀಗೆ ಎಣಿಸುತ್ತ ಎಣಿಸುತ್ತ ಏಳನೆಯ ದಿನ ದೇವರೇ ವಿರಮಿಸುತ್ತಾನೆ. ಬೆಳಕಿನ ಮೊದಲ ಕೆಲಸ ಕಣ್ಣಿಗೆ ಕಾಣಿಸುವುದಲ್ಲ. ದಿನವನ್ನು ಅಳೆದು ಕೊಡುವುದು.

ಕ್ರೈಸ್ತರು ಈ ಬೆಳಕಿನಲ್ಲಿ ಕ್ರಿಸ್ತನನ್ನು ಕಾಣುತ್ತಾರೆ. ಯೋಹಾನನ ಸುವಾರ್ತೆಯ ಆರಂಭ ಆದಿಕಾಂಡದ ಆರಂಭವನ್ನೇ ನೆನಪಿಸುವಂತೆ ರಚಿತವಾಗಿದೆ. ಸೃಷ್ಟಿಯ ಬೆಳಕೇ ಮನುಷ್ಯನ ಹೃದಯದಲ್ಲಿ ಬೆಳಗಿತೆಂದು ಪೌಲನು ಕೊರಿಂಥದವರಿಗೆ ಬರೆದ. ಯೋಹಾನನಲ್ಲಿ ಬೆಳಕಿಗೂ ಕತ್ತಲೆಗೂ ವಿರೋಧ ತೀಕ್ಷ್ಣವಾಗಿದೆ. ಆದರೂ ಅವನ ಬೆಳಕು ಕತ್ತಲೆಯ ಹೊರಗೆ ನಿಂತು ಬೆಳಗುವುದಲ್ಲ, ಅದರೊಳಗೇ ಬೆಳಗುವುದು. ಇದನ್ನು ಮರೆತು, ಕತ್ತಲೆಯಲ್ಲಿ ದುಡಿಯುವವರನ್ನು ಬೆಳಕಿಲ್ಲದವರೆಂದು ಎಣಿಸುವುದು ಆ ಗ್ರಂಥಕ್ಕೆ ಮಾಡುವ ಅನ್ಯಾಯ.

ಕೆ.ಜಿ.ಎಫ್.ನಲ್ಲಿ ತಮಿಳು ಕ್ರೈಸ್ತ ಕುಟುಂಬಗಳು ಬಹಳ. ಅವರ ಬೈಬಲ್ಲಿನ 'ವೆಳಿಚ್ಚಂ', ನಮ್ಮ ಬೈಬಲ್ಲಿನ 'ಬೆಳಕು', ಎರಡೂ ಬಿಳುಪಿನ ಒಂದೇ ಮೂಲದಿಂದ ಬಂದ ಸೋದರ ಶಬ್ದಗಳು. 'ಜ್ಯೋತಿ'ಯ ಗಾಂಭೀರ್ಯವನ್ನು ಬಿಟ್ಟು ಮನೆಯ ಮಾತನ್ನೇ ಆರಿಸಿದ ಅನುವಾದಕರ ವಿವೇಕ ಮೆಚ್ಚತಕ್ಕದ್ದು.

ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ಹಾದು ಈ ಗಣಿಗಳಿಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳು ಅದನ್ನು ಕಂಡದ್ದು 1905ರಲ್ಲಿ. ದೀಪ ಬಂತು; ಅದರ ಬಲದಿಂದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಇಂದು ಅಲ್ಲಿನ ಮಕ್ಕಳು, ಮೊಮ್ಮಕ್ಕಳು ನಸುಕಿಗೆ ಮುಂಚೆ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ; ಮನೆ ಸೇರುವಾಗ ಮತ್ತೆ ಕತ್ತಲೆ.

ಅವರಿಗೆ ದೀಪಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಆ ಮೊದಲ ದಿನದ ಬೆಳಕಿಗೆ: ದುಡಿಮೆಗೆ ಇಷ್ಟೇ ಎಂದು ಎಲ್ಲೆ ಹಾಕುವ ಹಗಲಿಗೆ, ತಮ್ಮದೆನ್ನಬಹುದಾದ ಒಂದು ಸಂಜೆಗೆ. ಆ ಹಿರಿಯರು ಅಂದು ಮಾರಿಕುಪ್ಪಂನಲ್ಲಿ ಇಳಿದು ಹೋದರು. ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ವ್ಯಾಖ್ಯಾನಕಾರರ ಉತ್ತರಕ್ಕಿಂತ ಚಿಕ್ಕದು. ಆದರೆ ಮೂಲಕ್ಕೆ ಹತ್ತಿರವಾದದ್ದು.