ಪರೀಕ್ಷೆ ಯಾರಿಗೆ, ಫೇಲು ಯಾರು?

ನಮ್ಮ ಸಣ್ಣ ಪತ್ರಿಕೆಗಳಲ್ಲಿ ಕವಿತೆಗೆ ವಿಮರ್ಶೆ ಬರುತ್ತದೆ, ಕಾದಂಬರಿಗೆ ಬರುತ್ತದೆ. ಸರ್ಕಾರದ ಸುತ್ತೋಲೆಗೆ ಬರುವುದಿಲ್ಲ. ಹಾಗೆ ನೋಡಿದರೆ ಹಳ್ಳಿಯ ಮಗುವಿನ ಬದುಕನ್ನು ಯಾವ ಕವಿತೆಗಿಂತಲೂ ಹೆಚ್ಚಾಗಿ ಅಲುಗಾಡಿಸುವ ಬರಹ ಅದೇ. ಅದಕ್ಕೆ ಲೇಖಕನಿಲ್ಲ, ಸಹಿ ಮಾತ್ರ ಇದೆ. ಓದುಗರಿಲ್ಲ, ಪಾಲಿಸುವವರು ಮಾತ್ರ ಇದ್ದಾರೆ. ಐದನೇ ಮತ್ತು ಎಂಟನೇ ತರಗತಿಯ ಮಕ್ಕಳಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಡುತ್ತೇವೆ ಎಂದು ಹೊರಟ ಸುತ್ತೋಲೆ, ಅಧಿಸೂಚನೆ, ತಿದ್ದುಪಡಿಗಳನ್ನು ಈ ಸಲ ನಾವು ಒಂದು ಕೃತಿಯನ್ನು ಓದುವ ಹಾಗೆ ಓದಲು ಹೊರಟಿದ್ದೇವೆ.

ಮೊದಲು ಕತೆ ಏನು ಅಂತ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 16ನೇ ಕಲಂ ಹೇಳಿದ್ದು ಸರಳವಾದ ಮಾತು: ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಕೂರಿಸಬಾರದು, ಶಾಲೆಯಿಂದ ಹೊರಗೂ ಹಾಕಬಾರದು. 30ನೇ ಕಲಂ ಅದಕ್ಕೆ ಇನ್ನೊಂದು ಮಾತು ಸೇರಿಸಿತು: ಅಲ್ಲಿಯವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ. 2019ರಲ್ಲಿ ಪಾರ್ಲಿಮೆಂಟು 16ನೇ ಕಲಮನ್ನು ತಿದ್ದಿತು. ಐದು ಮತ್ತು ಎಂಟರಲ್ಲಿ ಪರೀಕ್ಷೆ ನಡೆಯಬೇಕು, ಫೇಲಾದವರಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಕೊಡಬೇಕು, ಅದರಲ್ಲೂ ಫೇಲಾದರೆ ಕೂರಿಸುವುದು ಬಿಡುವುದು ಆಯಾ ಸರ್ಕಾರಕ್ಕೆ ಬಿಟ್ಟಿದ್ದು ಎಂದಿತು. 30ನೇ ಕಲಂ ಹಾಗೇ ಉಳಿಯಿತು. ಒಂದೇ ಕಾಯ್ದೆಯೊಳಗೆ ಎರಡು ಮಾತು. ಈ ಸಂದಿಯಲ್ಲೇ ಮುಂದಿನ ನಾಟಕವೆಲ್ಲ ನಡೆಯಿತು.

2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಇಲಾಖೆ ಐದು ಮತ್ತು ಎಂಟಕ್ಕೆ ರಾಜ್ಯಮಟ್ಟದ ಪರೀಕ್ಷೆ ಎಂದು ಸುತ್ತೋಲೆ ಹೊರಡಿಸಿತು. ಶಾಲೆಯ ವರ್ಷ ಅರ್ಧ ಕಳೆದಿತ್ತು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಐದೇ ದಿನಕ್ಕೆ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟು, ಯಾರನ್ನೂ ಕೂರಿಸಬಾರದು ಎಂಬ ಷರತ್ತು ಹಾಕಿ, ಪರೀಕ್ಷೆಗೆ ದಾರಿ ಬಿಟ್ಟಿತು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಸುತ್ತೋಲೆಯ ಬುದ್ಧಿ ಬದಲಾಗಲಿಲ್ಲ. ಅಕ್ಟೋಬರಿನಲ್ಲಿ ಹೊಸ ಸರ್ಕಾರ ಐದು, ಎಂಟರ ಜೊತೆಗೆ ಒಂಬತ್ತನ್ನೂ ಮೊದಲ ಪಿಯುಸಿಯನ್ನೂ ಸೇರಿಸಿ ಅಧಿಸೂಚನೆ ಹೊರಡಿಸಿತು. 2024ರ ಮಾರ್ಚ್ 6ರಂದು ಅದೂ ರದ್ದಾಯಿತು. ಮರುದಿನವೇ ತಡೆ. 11ರಂದು ಪರೀಕ್ಷೆ ಶುರು. 12ರಂದು ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆದುಹಾಕಿತು, ಪರೀಕ್ಷೆ ನಡುದಾರಿಯಲ್ಲಿ ನಿಂತಿತು. 22ರಂದು ವಿಭಾಗೀಯ ಪೀಠ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು, 25ರಿಂದ ಮತ್ತೆ ಪರೀಕ್ಷೆ. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೂ ತಡೆ ಕೊಟ್ಟಿತು, ಫಲಿತಾಂಶವನ್ನು ಯಾವುದಕ್ಕೂ ಬಳಸಕೂಡದು ಎಂದಿತು. ಹತ್ತು ವರ್ಷದ ಮಗು ಒಂದು ತಿಂಗಳು ಈ ಉಯ್ಯಾಲೆಯಲ್ಲಿ ಕೂತಿತ್ತು. ಅದೇ ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ವಿಚಾರದಲ್ಲೂ ಸರ್ಕಾರ ಸುಪ್ರೀಂ ಕೋರ್ಟಿನಿಂದ ಬೈಸಿಕೊಂಡಿತು.

ಈ ಜಗ್ಗಾಟದಲ್ಲಿ ಕೋರ್ಟಿಗೆ ಹೋದವರು ಯಾರು? ಮುಖ್ಯವಾಗಿ ಖಾಸಗಿ ಅನುದಾನರಹಿತ ಶಾಲೆಗಳ ಸಂಘಟನೆಗಳು. ಅವರ ಆಕ್ಷೇಪಣೆ ಅವರದು, ಅದಕ್ಕೆ ನಾವು ಬೇಡ ಅನ್ನುವುದಿಲ್ಲ. ಆದರೆ ಸರ್ಕಾರಿ ಶಾಲೆಯ ಮಗುವಿನ ಹೆಸರಿನಲ್ಲಿ ಎರಡು ಕಡೆಯವರೂ ಮಾತಾಡಿದರು, ಆ ಮಗುವಿನ ಅಪ್ಪ ಅವ್ವನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ದಾರಿ ಇರಲಿಲ್ಲವೇ ಅಂದರೆ, ಇತ್ತು. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 145ನೇ ಕಲಂ ಪ್ರಕಾರ ನಿಯಮ ಮಾಡಬೇಕಾದರೆ ಮೊದಲು ಕರಡು ಪ್ರಕಟಿಸಬೇಕು, ಜನರಿಂದ ಆಕ್ಷೇಪಣೆ ಪಡೆಯಬೇಕು, ಶಾಸನಸಭೆಯ ಮುಂದೆ ಇಡಬೇಕು. ಏಕಸದಸ್ಯ ಪೀಠ ಎರಡೂ ಸಲ ಸರ್ಕಾರಕ್ಕೆ ಇದನ್ನೇ ಕೇಳಿತು. ಸರ್ಕಾರ ಇನ್ನೊಂದು ಕಲಂ ತೋರಿಸಿತು. 22ನೆಯದು. ಪರೀಕ್ಷೆಯ ಪದ್ಧತಿ ಗೊತ್ತುಮಾಡಲು ಆದೇಶ ಸಾಕು, ನಿಯಮ ಬೇಕಿಲ್ಲ ಎಂಬುದು ಅದರ ವಾದ. ವಿಭಾಗೀಯ ಪೀಠ ಒಪ್ಪಿತು. ಕಾನೂನಿನ ಸೂಕ್ಷ್ಮ ವಕೀಲರಿಗೆ ಬಿಟ್ಟದ್ದು. ನಮಗೆ ಕಾಣುವುದು ಇಷ್ಟು: ಕೇರಿಯ ತಾಯಿಯೊಬ್ಬಳು, ತಾಂಡಾದ ತಂದೆಯೊಬ್ಬ, ಹಳ್ಳಿಯ ಮೇಷ್ಟ್ರು ಒಬ್ಬರು ಒಂದು ಕಾಗದ ಬರೆದು ಸರ್ಕಾರಕ್ಕೆ ಮುಟ್ಟಿಸಬಹುದಾಗಿದ್ದ ಏಕೈಕ ಕಿಟಕಿಯನ್ನು ಎರಡು ಬೇರೆ ಬೇರೆ ಪಕ್ಷದ ಸರ್ಕಾರಗಳು ಒಂದೇ ಕೈಯಿಂದ ಮುಚ್ಚಿದವು.

ಈಗ ಸುತ್ತೋಲೆಯ ಭಾಷೆಗೆ ಬರೋಣ. ಅದು ಪರೀಕ್ಷೆ ಅನ್ನಲು ಹಿಂಜರಿಯುತ್ತದೆ, 'ಮೌಲ್ಯಾಂಕನ' ಅನ್ನುತ್ತದೆ. ಬೋರ್ಡ್ ಪರೀಕ್ಷೆ ಅಲ್ಲ, ಮೌಲ್ಯಾಂಕನ. ಪ್ರಶ್ನೆಪತ್ರಿಕೆ ಮಾತ್ರ ಮಂಡಳಿಯದೇ. ಫೇಲು ಅನ್ನುವುದಕ್ಕೆ 'ಅನುತ್ತೀರ್ಣ'. ಉತ್ತೀರ್ಣ ಅಂದರೆ ದಾಟಿದವನು, ಅನುತ್ತೀರ್ಣ ಅಂದರೆ ಹೊಳೆ ದಾಟಲಾಗದೆ ಈ ದಡದಲ್ಲೇ ಉಳಿದವನು. ದೋಣಿ ಯಾರು ಕೊಡಬೇಕಾಗಿತ್ತು ಅನ್ನುವುದು ಆ ಶಬ್ದದಲ್ಲಿಲ್ಲ. ನಮ್ಮ ಹುಡುಗರು 'ಡುಮ್ಕಿ' ಅನ್ನುತ್ತಾರೆ, ಅದರಲ್ಲಿ ಸ್ವಲ್ಪ ನಗುವಾದರೂ ಇದೆ. 'ತಡೆಹಿಡಿಯುವುದು' ಅನ್ನುವ ಮಾತಂತೂ ಕೇರಿಯವರಿಗೆ ಹೊಸದಲ್ಲ. ಬಾವಿಯ ಹತ್ತಿರ, ಗುಡಿಯ ಹತ್ತಿರ ಅದನ್ನು ಕೇಳಿಕೊಂಡೇ ಬೆಳೆದವರು ಅವರು.

ಹಾಗಾದರೆ ಪರೀಕ್ಷೆಯೇ ಬೇಡವೇ? ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಪರೀಕ್ಷೆ ಬೇಕು ಅಂತ ಕೇಳುವವರಲ್ಲಿ ನಮ್ಮ ಜನವೇ ಮುಂದಿದ್ದಾರೆ. 'ಎಕ್ಸಾಮು ಇಲ್ಲ ಅಂದ್ರೆ ಮೇಷ್ಟ್ರೂ ಕಲ್ಸಲ್ಲ, ಮಕ್ಳೂ ಓದಲ್ಲ' ಅನ್ನುವ ಮಾತನ್ನು ಯಾವ ಹಟ್ಟಿಗೆ ಹೋದರೂ ಕೇಳಬಹುದು. ಎಂಟನೇ ತರಗತಿಗೆ ಬಂದರೂ ತನ್ನ ಹೆಸರು ನೆಟ್ಟಗೆ ಬರೆಯಲು ಬಾರದ ಮಗನನ್ನು ನೋಡಿ ಕೂಲಿಯವನೊಬ್ಬ ಸಿಟ್ಟಾದರೆ ಆ ಸಿಟ್ಟು ಸುಳ್ಳಲ್ಲ. ಇನ್ನೊಂದು ಮಾತೂ ಇದೆ, ಅದನ್ನು ನಗರದ ಶಿಕ್ಷಣತಜ್ಞರು ಹೇಳುವುದಿಲ್ಲ. ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹೆಸರಿರುವುದಿಲ್ಲ, ನೋಂದಣಿ ಸಂಖ್ಯೆ ಇರುತ್ತದೆ. ತಿದ್ದುವವನಿಗೆ ಇದು ಯಾವ ಕೇರಿಯ ಮಗು ಅಂತ ಗೊತ್ತಾಗುವುದಿಲ್ಲ. ಶಾಲೆಯೊಳಗಿನ ಆಂತರಿಕ ಅಂಕ ಕೊಡುವವನಿಗೆ ಗೊತ್ತಿರುತ್ತದೆ. ಜಾತಿ ಕಣ್ಣಿಗೆ ಕಾಣುವ ಊರಿನಲ್ಲಿ ಒಂದು ನಂಬರಿನ ಹಿಂದೆ ಅಡಗಿಕೊಳ್ಳುವುದು ನಮ್ಮ ಮಕ್ಕಳಿಗೆ ಎಷ್ಟೋ ಸಲ ಆಸರೆಯಾಗಿದೆ. ಪರೀಕ್ಷೆಯನ್ನು ಸಾರಾಸಗಟಾಗಿ ಬೈಯುವ ಮುಂಚೆ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ನಂಬರು ಹೆಸರನ್ನು ಮುಚ್ಚುತ್ತದೆ, ನಾಲಿಗೆಯನ್ನು ಮುಚ್ಚುವುದಿಲ್ಲ. ಹಳೇ ಮೈಸೂರಿನ ಕೇರಿಯ ಮಗು ಹಕ್ಕಿಯನ್ನು 'ಅಕ್ಕಿ' ಅಂತ ಬರೆಯುತ್ತದೆ, ಹಾಲನ್ನು 'ಆಲು' ಅಂತ ಬರೆಯುತ್ತದೆ. ಮನೆಯಲ್ಲಿ ಕೇಳಿದ್ದನ್ನೇ ಬರೆದಿದೆ. ಅದು ಕಿವಿಗೆ ನಿಯತ್ತಾಗಿರುವ ಮಗು. ಕೆಂಪು ಶಾಯಿಗೆ ಅದು ತಪ್ಪು. ತಾಂಡಾದ ಮಗು ಮನೆಯಲ್ಲಿ ಗೋರ್‌ಬೋಲಿ ಆಡುತ್ತದೆ, ಶಾಲೆಯ ಕನ್ನಡ ಅದಕ್ಕೆ ಎರಡನೆಯ ಭಾಷೆ. ಗಡಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು. ಇವರೆಲ್ಲರ ಮುಂದೆ ಪುಸ್ತಕದ ಕನ್ನಡದ ಒಂದೇ ಪತ್ರಿಕೆ ಇಟ್ಟು ಅಳೆದರೆ ಅಳತೆಗೆ ಸಿಗುವುದು ಮಗುವಿನ ಬುದ್ಧಿಯೋ, ಅಥವಾ ಅದರ ಮನೆಗೂ ಪಠ್ಯಪುಸ್ತಕಕ್ಕೂ ಇರುವ ದೂರವೋ?

ಇನ್ನೊಂದು ವಿಚಿತ್ರ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ 'ನಲಿ-ಕಲಿ' ಶುರುವಾಯಿತು. ಆಮೇಲೆ ಸರ್ಕಾರವೇ ಅದನ್ನು ರಾಜ್ಯದ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ತಂದಿತು. ಅದರ ತಿರುಳೇ ಇದು: ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಕಾರ್ಡುಗಳ ಮೂಲಕ ಕಲಿಯುತ್ತಾರೆ, ಪ್ರತಿಯೊಂದು ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಹಿಂದೆ ಬಿದ್ದವನು ಅಂತ ಯಾರೂ ಇಲ್ಲ. ಎಂಟು ವರ್ಷದವರೆಗೆ ಹೀಗೆ ಬೆಳೆದ ಮಗುವಿಗೆ ಎರಡು ವರ್ಷ ಕಳೆದ ಮೇಲೆ ಅದೇ ಸರ್ಕಾರ ಹೇಳುತ್ತದೆ: ನಿನ್ನ ವೇಗ ಬೇಡ, ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರದೂ ಒಂದೇ ವೇಗ, ಒಂದೇ ದಿನ, ಒಂದೇ ಪತ್ರಿಕೆ. ನಡುವಿನ ನಾಲ್ಕನೇ ತರಗತಿಯಲ್ಲಿ ಆ ಏಣಿಯಿಂದ ಈ ಪತ್ರಿಕೆಗೆ ಮಗುವನ್ನು ದಾಟಿಸುವವರು ಯಾರು? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಮೇಷ್ಟ್ರು. ಒಬ್ಬರು ನಲಿ-ಕಲಿ ಕೋಣೆಯಲ್ಲಿ, ಇನ್ನೊಬ್ಬರು ಬಿಸಿಯೂಟದ ಲೆಕ್ಕ, ಮಾಹಿತಿ ತುಂಬುವುದು, ಸಭೆ, ತರಬೇತಿ. ಇದು ಕಾನೂನು ಪಾಲನೆಯಾದಾಗಿನ ಸ್ಥಿತಿ. ಒಬ್ಬರೇ ಇರುವ ಶಾಲೆಗಳ ಸ್ಥಿತಿ ಮೇಷ್ಟ್ರುಗಳಿಗೇ ಗೊತ್ತು.

ಪರೀಕ್ಷೆ ಮಾರ್ಚಿನಲ್ಲಿ. ಕಲ್ಯಾಣ ಕರ್ನಾಟಕದ ಕೂಲಿ ಮನೆಗಳು ಆಗ ಊರಲ್ಲಿರುವುದು ಅಪರೂಪ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡಗಳಿಗೆ, ಕಬ್ಬು ಕಡಿಯುವುದಕ್ಕೆ, ಮೆಣಸಿನಕಾಯಿ ಬಿಡಿಸುವುದಕ್ಕೆ ಗುಳೆ ಹೋಗಿರುತ್ತವೆ. ಮಕ್ಕಳೂ ಜೊತೆಗೆ. ಹಾಜರಿ ಇಲ್ಲ, ಪಾಠ ಇಲ್ಲ, ಪರೀಕ್ಷೆ ಇದೆ.

ಹತ್ತನೇ ತರಗತಿಯ ನಿಯಮಗಳನ್ನೂ ಪಕ್ಕದಲ್ಲಿಟ್ಟು ಓದಬೇಕು, ಆಗ ನಿಯಮ ಯಾರಿಗೆ ಬಗ್ಗುತ್ತದೆ ಅಂತ ತಿಳಿಯುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಕ್ಯಾಮೆರಾ ಕಾವಲು ಹಾಕಿದರು. ಪಾಸಾದವರ ಪ್ರಮಾಣ ಕುಸಿಯಿತು. ಕೂಡಲೇ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು, ಫಲಿತಾಂಶ ಶೇ. 73.40 ಅಂತ ಪ್ರಕಟವಾಯಿತು. ಆ ಹೆಚ್ಚುವರಿ ಕೃಪೆ ಇಲ್ಲದಿದ್ದರೆ ಅದು ಅರ್ಧಕ್ಕಿಂತ ತುಸು ಮೇಲೆ ನಿಲ್ಲುತ್ತಿತ್ತು. ಮರುವರ್ಷ ಆ ಕೃಪೆ ಹೋಯಿತು, ಶೇ. 62.34. ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಆಮೇಲೆ ಪಾಸಾಗುವ ಗೆರೆಯನ್ನೇ 35ರಿಂದ 33ಕ್ಕೆ ಇಳಿಸುವುದಾಗಿ 2025ರ ಅಕ್ಟೋಬರಿನಲ್ಲಿ ಹೇಳಿದರು: 625ಕ್ಕೆ 206. ಮಕ್ಕಳಿಗೆ ಅನುಕೂಲವಾದರೆ ನಮಗೆ ಸಂತೋಷವೇ. ಆದರೆ ಮರ್ಯಾದೆ ಹೋಗುವುದು ಸರ್ಕಾರದ್ದಾದಾಗ ಅಳತೆಗೋಲು ರಬ್ಬರಿನದಾಗುತ್ತದೆ, ಹತ್ತು ವರ್ಷದ ಮಗುವಿನದಾದಾಗ ಕಬ್ಬಿಣದ್ದು. ಕಲಬುರಗಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಟ್ಟಿಗೆ ದಡ್ಡರಾಗಿ ಹುಟ್ಟಿದರೇ? ಫೇಲಾದದ್ದು ಒಂದು ಜಿಲ್ಲೆಯ ಶಾಲಾ ವ್ಯವಸ್ಥೆ. ಅಂಕಪಟ್ಟಿ ಬಂದದ್ದು ಮಗುವಿನ ಹೆಸರಿಗೆ.

ತಮಿಳುನಾಡು 2019ರಲ್ಲಿ ಇದೇ ಐದು-ಎಂಟರ ಪಬ್ಲಿಕ್ ಪರೀಕ್ಷೆ ತರಲು ಹೋಗಿ, ವಿರೋಧ ಎದ್ದ ಮೇಲೆ 2020ರ ಫೆಬ್ರವರಿಯಲ್ಲಿ ವಾಪಸು ತೆಗೆದುಕೊಂಡಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ತನ್ನ ನಿಯಮ ತಿದ್ದಿ ತನ್ನ ಶಾಲೆಗಳಲ್ಲಿ ಐದು ಮತ್ತು ಎಂಟರಲ್ಲಿ ಕೂರಿಸಬಹುದು ಎಂದಾಗಲೂ ಆ ರಾಜ್ಯ ನಮಗೆ ಇದು ಬೇಡ ಎಂದಿತು. ಅಲ್ಲಿ ವಿರೋಧ ಎದ್ದದ್ದು ಬೀದಿಯಲ್ಲಿ. ಇಲ್ಲಿ ಎಲ್ಲವೂ ಕೋರ್ಟಿನ ಪಡಸಾಲೆಯಲ್ಲೇ ಮುಗಿಯಿತು.

2019ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ವಾಕ್ಯವಿದೆ, ಅದೇ ಎರಡು ತಿಂಗಳ ಹೆಚ್ಚುವರಿ ಪಾಠ. ನಾವು ಹಿಡಿಯಬೇಕಾದದ್ದು ಅದನ್ನು. ಮಾರ್ಚಿನಲ್ಲಿ ಫೇಲಾದರೆ ಆ ಎರಡು ತಿಂಗಳು ಏಪ್ರಿಲ್, ಮೇ. ಶಾಲೆಗೆ ಬೀಗ. ಅತಿಥಿ ಶಿಕ್ಷಕರಿಗೆ ರಜೆಯ ಸಂಬಳ ಇಲ್ಲ, ಅವರು ಕೂಲಿಗೋ ಅಂಗಡಿಗೋ ಹೋಗಿರುತ್ತಾರೆ. ಮಗು ಗುಳೆಯಲ್ಲಿರುತ್ತದೆ. ಆ ಪಾಠ ಹೇಳುವವರು ಯಾರು, ಅವರಿಗೆ ಸಂಬಳ ಎಷ್ಟು, ಮಗುವಿಗೆ ಮಧ್ಯಾಹ್ನದ ಊಟ ಎಲ್ಲಿ, ಪಾಠ ನಡೆಯದಿದ್ದರೆ ಫೇಲು ಯಾರ ಲೆಕ್ಕಕ್ಕೆ? ಪರೀಕ್ಷೆಯ ನಿಯಮ ಬರೆಯುವವರು ಈ ನಾಲ್ಕಕ್ಕೆ ಉತ್ತರವನ್ನು ಅದೇ ನಿಯಮದೊಳಗೆ ಬರೆಯಲಿ.

ಮುಂದೆ ಎಂದಾದರೂ ಕರಡು ನಿಯಮ ಪ್ರಕಟವಾದರೆ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ಆಗ ಹುಡುಕಲು ಹೊತ್ತಿರುವುದಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಟೀಚರುಗಳೇ, ಈಗಲೇ ನಿಮ್ಮ ಶಾಲೆಯ ಹಾಜರಿ ಪುಸ್ತಕ ತೆಗೆಯಿರಿ. ಮಂಜೂರಾದ ಹುದ್ದೆ ಎಷ್ಟು, ಇರುವವರೆಷ್ಟು, ವರ್ಷದಲ್ಲಿ ಪಾಠ ನಡೆದ ದಿನಗಳೆಷ್ಟು, ಜನವರಿಯಿಂದ ಮಾರ್ಚಿನವರೆಗೆ ಊರಲ್ಲಿ ಇಲ್ಲದ ಮಕ್ಕಳೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಒಂದು ಪ್ರತಿ ಶಾಲಾಭಿವೃದ್ಧಿ ಸಮಿತಿಯ ನಡಾವಳಿ ಪುಸ್ತಕಕ್ಕೆ ಅಂಟಿಸಿ, ಇನ್ನೊಂದನ್ನು ನಮಗೆ ಕಳಿಸಿ.